ಮೂಗಿನಕ್ಕನ ಹದಿನಾರು ದಿನ

ನಮ್ಮ ಅತ್ತಿಗೆಗೆ ನೆಗಡಿಯಾದರೆ ಹಾಲಿನ ಡೇರಿಗೆ ಜ್ವರ ಬರುತ್ತಿತ್ತು. ನಾನು ಉಪ್ಪುಖಾರ ಹಚ್ಚಿ ಹೇಳುತ್ತಿದ್ದೇನೆ ಎಂದುಕೊಳ್ಳುವವರು ಒಂದು ದಿನ ಬೆಳಗಿನ ಐದೂವರೆಗೆ ನಮ್ಮ ಡೇರಿಯಲ್ಲಿ ಹಾಲಿಳಿಸುವ ಕಟ್ಟೆಗೆ ಬಂದು ನೋಡಬೇಕಿತ್ತು. ಲಾರಿಯಿಂದ ಇಳಿದ ಅಲ್ಯುಮಿನಿಯಂ ಕ್ಯಾನುಗಳು ಕಬ್ಬಿಣದ ಉರುಳೆಗಳ ಮೇಲೆ ಗಡಗಡ ಸದ್ದು ಮಾಡುತ್ತ ಸಾಲಾಗಿ ಬರುತ್ತವೆ. ಅತ್ತಿಗೆ ಒಂದೊಂದರ ಮುಚ್ಚಳ ತೆಗೆದು, ಅದರ ಒಳಮೈಯನ್ನು ಮೂಗಿನ ಹತ್ತಿರ ಹಿಡಿದು ಒಂದೇ ಒಂದು ಸಲ ಮೂಸುತ್ತಾರೆ. ಸರಿಯಿದ್ದರೆ ಬಿಳಿ ಸುಣ್ಣದಕಡ್ಡಿಯ ಗೀಟು, ಕೆಟ್ಟಿದ್ದರೆ ಕೆಂಪು ಕಡ್ಡಿಯಲ್ಲಿ ಒಂದು ಅಡ್ಡಗುರುತು. ಬಿಳಿ ಗೀಟಿನ ಕ್ಯಾನು ಮುಂದೆ ಹೋಗಿ, ಅದರ ಹಾಲು ಐದು ಸಾವಿರ ಲೀಟರಿನ ತೊಟ್ಟಿಗೆ ಬೀಳುತ್ತದೆ. ಕೆಟ್ಟ ಹಾಲಿನ ಒಂದೇ ಒಂದು ಕ್ಯಾನು ಕಣ್ತಪ್ಪಿ ಅಲ್ಲಿಗೆ ಹೋದರೆ ಇಡೀ ತೊಟ್ಟಿಯನ್ನು ಚರಂಡಿಗೆ ಬಿಡಬೇಕು.

ಲ್ಯಾಬಿನವರೂ ಹಾಲು ಪರೀಕ್ಷೆ ಮಾಡುತ್ತಾರೆ, ಇಲ್ಲ ಎನ್ನುವುದಿಲ್ಲ. ಆದರೆ ಒಂದು ಕ್ಯಾನಿಗೆ ಅವರಿಗೆ ಹತ್ತು ನಿಮಿಷ ಬೇಕು, ಅತ್ತಿಗೆಗೆ ಒಂದು ಉಸಿರು ಸಾಕು. ಹುಳಿ ತಿರುಗಲು ಹೊರಟ ಹಾಲು, ಸೀಮೆಎಣ್ಣೆ ತಾಗಿದ ಹಾಲು, ಕಾಡು ಬೆಳ್ಳುಳ್ಳಿ ಮೇದ ಹಸುವಿನ ಹಾಲು, ಸರಿಯಾಗಿ ತೊಳೆಯದ ಕ್ಯಾನಿನ ಹಾಲು, ಎಲ್ಲವೂ ಅವರಿಗೆ ಮುಚ್ಚಳದಲ್ಲೇ ತಿಳಿಯುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಡೇರಿಯಲ್ಲಿ ಅವರಿಗೆ ಮೂಗಿನಕ್ಕ ಎಂದೇ ಹೆಸರು, ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ನಾನು ಅವರ ನಾದಿನಿ. ಮದುವೆ ಆಗಲಿಲ್ಲ, ಆಗಬೇಕೆಂದು ನನಗೆ ಅನ್ನಿಸಲೂ ಇಲ್ಲ. ಅಣ್ಣ ಅತ್ತಿಗೆಯ ಜೊತೆಯಲ್ಲೇ ಇದ್ದೇನೆ, ಅದೇ ಡೇರಿಯಲ್ಲಿ ಖಾಲಿ ಕ್ಯಾನು ತೊಳೆಯುತ್ತೇನೆ. ನಮ್ಮ ಮನೆಯ ಸಂಸಾರವೆಲ್ಲ ಅತ್ತಿಗೆಯ ಮೂಗಿಗೆ ಹೆದರಿಕೊಂಡೇ ನಡೆಯುತ್ತಿತ್ತು. ಪರಿಮಳದ ಸೋಪು ಕೂಡದು, ಪೌಡರು ಕೂಡದು. ಅಣ್ಣ ತನ್ನ ಗಡಿಯಾರ ರಿಪೇರಿ ಅಂಗಡಿಯಿಂದ ಬರುವಾಗ ಕದ್ದು ಒಂದು ಸಿಗರೇಟು ಸೇದಿದರೆ ಮೆಟ್ಟಿಲ ಮೇಲೆಯೇ ಸಿಕ್ಕಿಬೀಳುತ್ತಿದ್ದ. ನಾನು ತರಕಾರಿ ಬುಟ್ಟಿಯ ತಳದ ಕೊಳೆತ ಈರುಳ್ಳಿಯನ್ನು ನೋಡದೆ ಬಿಟ್ಟಿದ್ದರೆ ಅವರು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಎಷ್ಟೋ ಸಲ "ಈ ಮನೇಲಿ ಪೊಲೀಸರೇ ಇದ್ದಾರೆ" ಎಂದು ಜಗಳವಾಡಿದ್ದೇನೆ.

ನೆಗಡಿ ಹಿಡಿದದ್ದು ಒಂದು ಭಾನುವಾರ. ಮೊದಲ ಮೂರು ದಿನ ಎಲ್ಲರಿಗೂ ಆಗುವ ಹಾಗೆ ಮೂಗು ಸುರಿಯಿತು, ಕಣ್ಣಲ್ಲಿ ನೀರು, ಸಾಲುಸಾಲು ಸೀನು. ನೆಗಡಿಯಾದಾಗ ಅತ್ತಿಗೆ ಕಟ್ಟೆ ಬಿಟ್ಟು ನನ್ನ ಪಕ್ಕ ಕ್ಯಾನು ತೊಳೆಯಲು ಬರುವುದು ವಾಡಿಕೆ, ಆಗ ಕಟ್ಟೆಯನ್ನು ಲ್ಯಾಬಿನ ಹುಡುಗಿ ನೋಡಿಕೊಳ್ಳುತ್ತಾಳೆ. ನಾಲ್ಕನೇ ದಿನಕ್ಕೆ ಮೂಗು ಸುರಿಯುವುದು ನಿಂತಿತು. ನಾವು ಸದ್ಯ ಮುಗಿಯಿತು ಎಂದುಕೊಂಡೆವು. ಆದರೆ ಎರಡು ಹೊಳ್ಳೆಯೂ ಗೋಡೆ ಕಟ್ಟಿದ ಹಾಗೆ ಮುಚ್ಚಿಕೊಂಡವು, ಹಣೆ ಮತ್ತು ಕೆನ್ನೆಯ ಮೂಳೆಗಳಲ್ಲಿ ಭಾರ, ಬಗ್ಗಿದರೆ ತಲೆ ಸಿಡಿಯುವಂಥ ನೋವು. ವಾಸನೆ ಎಂಬುದು ಪೂರಾ ಹೋಯಿತು.

ಆಗ ನಾನು ಸೆರಗು ಸಿಕ್ಕಿಸಿಕೊಂಡು ಕಣಕ್ಕಿಳಿದೆ. ನೆಗಡಿಗೆ ಔಷಧಿ ನನ್ನ ಬಳಿ ಇರುವಷ್ಟು ಯಾರ ಬಳಿಯೂ ಇಲ್ಲ ಎಂಬುದು ನನ್ನ ಜಂಬ. ಬೆಳಿಗ್ಗೆ ಎದ್ದ ತಕ್ಷಣ ಶುಂಠಿ, ಕಾಳುಮೆಣಸು ಜಜ್ಜಿ ಕುದಿಸಿ ಜೇನುತುಪ್ಪ ಹಾಕಿದ ನೀರು. ಕೆಲಸದಿಂದ ಬಂದ ಮೇಲೆ ಕುದಿಸಿ ಆರಿಸಿದ ನೀರಿಗೆ ಉಪ್ಪು ಬೆರೆಸಿ, ತಲೆ ಓರೆ ಮಾಡಿಸಿ, ಒಂದು ಹೊಳ್ಳೆಯಿಂದ ಬಿಟ್ಟು ಇನ್ನೊಂದರಿಂದ ಇಳಿಸುವುದು. ಸಂಜೆ ಅಗಲವಾದ ಪಾತ್ರೆಯಲ್ಲಿ ಬಿಸಿನೀರು, ಅದಕ್ಕೆ ನಾಲ್ಕು ಹನಿ ನೀಲಗಿರಿ ಎಣ್ಣೆ, ತಲೆಯ ಮೇಲೆ ದಪ್ಪ ಟವೆಲು. ಟವೆಲಿನ ಅಂಚಿಗೂ ಎರಡು ಹನಿ. ಮಲಗುವಾಗ ಎರಡು ದಿಂಬು, ಕೆನ್ನೆಗೆ ಬಿಸಿ ಬಟ್ಟೆಯ ಕಾವು.

ಎದುರುಮನೆ ಟೈಲರಮ್ಮ ಒಂದು ದಿನ ಈರುಳ್ಳಿ ಬಿಲ್ಲೆ ಕತ್ತರಿಸಿಕೊಂಡು ಬಂದು, "ಇದನ್ನ ಅಂಗಾಲಿಗಿಟ್ಟು ಕಾಲುಚೀಲ ಹಾಕ್ಕೊಂಡು ಮಲಗ್ಲಿ, ಬೆಳಿಗ್ಗೆ ಮೂಗು ತೆರೆದಿರುತ್ತೆ" ಎಂದರು.

"ಮೂಗು ಮೇಲಿದೆ, ಅಂಗಾಲು ಕೆಳಗಿದೆಯಲ್ಲ ಟೈಲರಮ್ಮ" ಎಂದೆ.

"ನಿಂಗೇನು ಗೊತ್ತು? ಎಲ್ಲಾ ನರ ಅಲ್ಲಿಗೇ ಬಂದು ಸೇರೋದು."

ಅತ್ತಿಗೆ ಅದನ್ನೂ ಮಾಡಿದರು. ಬೆಳಿಗ್ಗೆ ಹಾಸಿಗೆಯೆಲ್ಲ ಈರುಳ್ಳಿ ನಾರುತ್ತಿತ್ತು. ಅದು ಗೊತ್ತಾಗಿದ್ದು ನನಗೆ ಮತ್ತು ಅಣ್ಣನಿಗೆ ಮಾತ್ರ. ನಗು ಬರಬೇಕಾದ ಕಡೆ ನಾವಿಬ್ಬರೂ ಹೊದಿಕೆ ಎಳೆದು ಒಗೆಯಲು ಹಾಕಿದೆವು.

ಅಣ್ಣನದು ಒಂದೇ ರಾಗ. "ಬಿಟ್ಟುಬಿಡಿ, ತಾನಾಗೇ ಸರಿಹೋಗುತ್ತೆ."

"ನಿಂತ ಗಡಿಯಾರ ತಾನಾಗೇ ಸರಿಹೋಗೋದಾದ್ರೆ ನಿನ್ನ ಅಂಗಡಿಗೆ ಯಾರು ಬರ್ತಿದ್ರು?" ಎಂದು ಬಾಯಿ ಮುಚ್ಚಿಸಿದೆ. ಆದರೆ ಒಳಗೊಳಗೇ ನನಗೂ ಭಯ ಶುರುವಾಗಿತ್ತು.

ಭಯಕ್ಕೆ ಕಾರಣವಿತ್ತು. ಅತ್ತಿಗೆಗೆ ಈ ಕೆಲಸ ಕಲಿಸಿದವರು ಒಬ್ಬ ಮುದುಕರು, ಅವರನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಒಂದು ಚಳಿಗಾಲ ಅವರಿಗೂ ಇಂಥದ್ದೇ ನೆಗಡಿ ಬಂತು. ನೆಗಡಿ ಹೋಯಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಕೆಲಸದ ಕೊನೆಯ ಆರು ವರ್ಷ ಮೇಸ್ತ್ರಿ ನನ್ನ ಪಕ್ಕ ಕ್ಯಾನು ತೊಳೆದರು. ತೊಳೆಯುವ ಮೊದಲು ಪ್ರತಿ ಖಾಲಿ ಕ್ಯಾನಿನ ಮುಚ್ಚಳವನ್ನೂ ಒಮ್ಮೆ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಕೈಗೆ ಅಂಟಿದ ಅಭ್ಯಾಸ. ಅದನ್ನು ನೋಡಲಾಗದೆ ನಾನು ಬೇರೆ ಕಡೆ ತಿರುಗುತ್ತಿದ್ದೆ.

ಎಂಟನೇ ದಿನ ಕ್ಯಾನು ತೊಳೆಯುವ ಸೋಡಾ ನೀರಿನಲ್ಲಿ ಕೈ ಅದ್ದಿಕೊಂಡು ನಿಂತಿದ್ದ ಅತ್ತಿಗೆ ಒಂದು ಮುಚ್ಚಳ ಎತ್ತಿ ಮೂಗಿನ ಹತ್ತಿರ ಹಿಡಿದರು. ನಾನು ನೋಡುತ್ತಿರುವುದು ಅವರಿಗೆ ಗೊತ್ತಾಯಿತು. ಇಬ್ಬರಿಗೂ ಮೇಸ್ತ್ರಿಯ ನೆನಪೇ ಬಂದಿತ್ತು. ಅವರು ಮುಚ್ಚಳವನ್ನು ಸರಕ್ಕನೆ ನೀರಿಗೆ ಅದ್ದಿದರು.

ಒಂಬತ್ತನೇ ದಿನ ಮಧ್ಯಾಹ್ನ ಅತ್ತಿಗೆ ಒಲೆಯ ಮೇಲೆ ಹಾಲಿಟ್ಟು, ಅದರ ಪಕ್ಕದಲ್ಲೇ ನಿಂತು, ಕಿಟಕಿಯಾಚೆ ನೋಡುತ್ತಿದ್ದರು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅಲ್ಲಿಗೇ ಸೀದ ವಾಸನೆ ಬಂತು. ಓಡಿ ಬಂದು ನೋಡಿದರೆ ಹಾಲು ಉಕ್ಕಿ ಹರಿದು, ತಳ ಹಿಡಿದು, ಪಾತ್ರೆ ಕಪ್ಪಾಗಿ ಹೊಗೆ ಏಳುತ್ತಿದೆ. ಅತ್ತಿಗೆ ಒಂದು ಗೇಣು ದೂರದಲ್ಲಿ ನಿಂತಿದ್ದಾರೆ, ಬೆನ್ನು ಒಲೆಯ ಕಡೆಗೆ.

"ಅತ್ತಿಗೆ! ಹಾಲು!"

ಅವರು ತಿರುಗಿ ಪಾತ್ರೆ ನೋಡಿದರು, ನನ್ನ ಮುಖ ನೋಡಿದರು, ಹಾಗೇ ನೆಲದ ಮೇಲೆ ಕುಳಿತುಬಿಟ್ಟರು. "ಹಾಲು ಕಣೆ" ಎಂದರು. "ಬೇರೆ ಏನಾದ್ರೂ ಆಗಿದ್ರೆ ಹೋಗ್ಲಿ ಅನ್ನಬಹುದಿತ್ತು. ಹಾಲೇ ನಂಗೆ ಗೊತ್ತಾಗ್ಲಿಲ್ವಲ್ಲ." ಹತ್ತೊಂಬತ್ತು ವರ್ಷದಲ್ಲಿ ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಒಲೆ ಆರಿಸಲೂ ಮರೆತೆ.

ಮರುದಿನ ಅಣ್ಣ ಅಂಗಡಿ ಮುಚ್ಚಿ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಮೂಗಿಗೆ ದೀಪ ಹಾಕಿ ನೋಡಿ, ಒಳಗೆ ಊದಿಕೊಂಡಿದೆ, ಉಪ್ಪುನೀರು ಮುಂದುವರಿಸಿ, ವಾಸನೆ ಬಂದರೆ ವಾರದಲ್ಲಿ ಬರಬಹುದು, ತಿಂಗಳೂ ಆಗಬಹುದು ಎಂದರಂತೆ. "ಬರದೇನೂ ಇರಬಹುದಾ?" ಎಂದು ಅತ್ತಿಗೆ ಕೇಳಿದರಂತೆ. ಡಾಕ್ಟರು "ಅಪರೂಪಕ್ಕೆ" ಎಂದರಂತೆ. ಅತ್ತಿಗೆ ಮನೆಗೆ ತಂದದ್ದು ಆ ಒಂದು ಮಾತನ್ನು ಮಾತ್ರ.

ಶುಕ್ರವಾರ ಮ್ಯಾನೇಜರ್ ನಾವು ಕ್ಯಾನು ತೊಳೆಯುವ ಕಡೆ ಬಂದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಕೆಮ್ಮುತ್ತಾರೆ. ಎರಡು ಸಲ ಕೆಮ್ಮಿದರು.

"ಅಕ್ಕ, ಈ ವರ್ಷ ಇದು ಮೂರನೇ ಸಲ. ಆ ಹುಡುಗಿ ಒಂದೊಂದೇ ಕ್ಯಾನು ನೋಡೋಷ್ಟರಲ್ಲಿ ಲಾರಿಗಳು ಗೇಟಿನಾಚೆ ಬಿಸಿಲಲ್ಲಿ ನಿಂತಿರ್ತವೆ. ಒಳ್ಳೆ ಹಾಲೂ ಕೆಡ್ತಿದೆ. ಸೋಮವಾರ ನೀವು ಕಟ್ಟೆಗೆ ಬಂದ್ರೆ ಸರಿ. ಇಲ್ಲಾಂದ್ರೆ ಬೇರೆ ಡೇರಿಯಿಂದ ಒಬ್ಬರನ್ನ ಕಳಿಸ್ತಾರಂತೆ, ಕಾಯಂ ಆಗಿ."

"ನಾನು?" ಎಂದರು ಅತ್ತಿಗೆ.

"ನಿಮ್ಮ ಸಂಬಳಕ್ಕೇನೂ ತೊಂದರೆ ಇಲ್ಲ. ಇಲ್ಲೇ ಇರ್ತೀರಿ" ಎಂದು ಕ್ಯಾನುಗಳ ಕಡೆ ಕೈ ತೋರಿಸಿದರು. ಅತ್ತಿಗೆ ನೋಡಿದ್ದು ಮೇಸ್ತ್ರಿ ನಿಲ್ಲುತ್ತಿದ್ದ ಜಾಗವನ್ನು.

ಶನಿವಾರ, ಭಾನುವಾರ ನಮ್ಮ ಮನೆ ಮನೆಯಾಗಿರಲಿಲ್ಲ. ದಿನಕ್ಕೆ ಐದು ಸಲ ಆವಿ. ನಾಲ್ಕು ಹನಿ ಎಣ್ಣೆಯ ಜಾಗದಲ್ಲಿ ನಾನು ಎಂಟು ಹಾಕಿದೆ. ಪ್ರತಿ ಸಲ ಆದಮೇಲೆ ಪರೀಕ್ಷೆ. ಅತ್ತಿಗೆ ಕಣ್ಣು ಮುಚ್ಚಿ ಕೂರಬೇಕು, ನಾನು ಏನಾದರೊಂದು ಮೂಗಿನ ಹತ್ತಿರ ಹಿಡಿಯಬೇಕು. ಬಟ್ಟೆ ಸೋಪು, ಹೆಚ್ಚಿದ ಈರುಳ್ಳಿ, ಅಣ್ಣನ ಅಂಗಡಿಯ ಎಣ್ಣೆ. "ಇಲ್ಲ." "ಇದು?" "ಇಲ್ಲ." ಭಾನುವಾರ ಸಂಜೆ ಕಾಫಿಪುಡಿ ಡಬ್ಬ ತೆಗೆದು ಹಿಡಿದೆ. ಅತ್ತಿಗೆಯ ಹುಬ್ಬು ಮೇಲೇರಿತು.

"ಕಾಫಿ" ಎಂದರು.

ನಾನು ಕುಣಿದೇಬಿಟ್ಟೆ. ಅಣ್ಣ ಎದ್ದು ಬಂದು, "ನಾನು ಹೇಳ್ಲಿಲ್ವಾ, ತಾನಾಗೇ ಸರಿಹೋಗುತ್ತೆ ಅಂತ" ಎಂದ. ಅವನ ಜೊತೆ ಜಗಳವಾಡಲೂ ನನಗೆ ಪುರಸೊತ್ತಿರಲಿಲ್ಲ. ಅದೇ ಉತ್ಸಾಹದಲ್ಲಿ ಬಕೆಟ್ಟಿಗೆ ಬಿಸಿನೀರು ಹಾಕಿ, ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ತುಂಬಿ ಒಗೆದೆ. ಅತ್ತಿಗೆ ಕಟ್ಟೆಯ ಮೇಲೆ ತಲೆಗೆ ಕಟ್ಟುವ ಬಿಳಿ ಬಟ್ಟೆಯೂ ಅದರಲ್ಲಿತ್ತು. ಹಿಂಡಿ, ಒಣಗಿಸಿ, ಇಸ್ತ್ರಿ ಮಾಡಿ ಮಡಚಿಟ್ಟೆ.

ಸೋಮವಾರ ಬೆಳಿಗ್ಗೆ ಅತ್ತಿಗೆ ಮನೆಯಲ್ಲೇ ಆ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡರು. ಬಸ್ಸಿನಲ್ಲಿ ಅರ್ಧ ಗಂಟೆ ನನ್ನ ಪಕ್ಕ ಕುಳಿತು ಕಿಟಕಿಯಾಚೆಯೇ ನೋಡುತ್ತಿದ್ದರು. ಅವರ ಕೈ ಹಿಡಿದುಕೊಂಡೆ, ಅದು ತಣ್ಣಗಿತ್ತು. ಗೆದ್ದು ಬಂದವರ ಕೈ ಹೀಗೇಕೆ ಎಂದು ನಾನು ಯೋಚಿಸಬೇಕಿತ್ತು, ಯೋಚಿಸಲಿಲ್ಲ.

ಮೊದಲ ಲಾರಿ ಬಂತು. ನಾನು ತೊಳೆಯುವ ಜಾಗದಿಂದ ಕಟ್ಟೆಗೆ ಹತ್ತು ಹೆಜ್ಜೆ, ಎಲ್ಲವೂ ಕಾಣುತ್ತದೆ. ಮ್ಯಾನೇಜರ್ ಕೈಕಟ್ಟಿ ನಿಂತಿದ್ದರು. ಅತ್ತಿಗೆ ಮೊದಲ ಕ್ಯಾನಿನ ಮುಚ್ಚಳ ತೆಗೆದು ಬಗ್ಗಿದರು. ತಲೆಬಟ್ಟೆಯ ತುದಿ ಕೆನ್ನೆಯ ಪಕ್ಕಕ್ಕೆ ಇಳಿಯಿತು. ಮೂಸಿದರು. ಮೂಸಿದ ಮೇಲೂ ಮುಚ್ಚಳವನ್ನು ಕೆಳಗಿಡದೆ ಹಿಡಿದೇ ಇದ್ದರು. ಕೆಂಪು ಅಡ್ಡಗುರುತು.

ಎರಡನೆಯದು, ಕೆಂಪು. ಮೂರನೆಯದು, ಕೆಂಪು. ಕಟ್ಟೆಯ ಮೇಲಿದ್ದವರೆಲ್ಲ ಕೆಲಸ ನಿಲ್ಲಿಸಿದರು. ಹನ್ನೊಂದು ಕ್ಯಾನು, ಹನ್ನೊಂದು ಕೆಂಪು. ಅಂಥದ್ದನ್ನು ಆ ಡೇರಿಯಲ್ಲಿ ಯಾರೂ ನೋಡಿರಲಿಲ್ಲ.

ಲಾರಿ ಡ್ರೈವರ್ ಕೂಗಾಡಲು ಶುರುಮಾಡಿದ. "ಏನಕ್ಕ ಇದು? ಹನ್ನೊಂದು ಊರಿನ ಹಾಲು! ಎಲ್ಲಾ ಒಟ್ಟಿಗೇ ಕೆಡುತ್ತಾ? ಮೂಗು ಕೆಟ್ಟಿರೋದು ನಿಮ್ಮದು, ಹಾಲಲ್ಲ!"

ಮ್ಯಾನೇಜರ್ ಹತ್ತಿರ ಬಂದು ಕೆಮ್ಮಿದರು. "ಅಕ್ಕ, ಏನು ವಾಸನೆ?"

"ನೀಲಗಿರಿ ಎಣ್ಣೆ" ಎಂದರು ಅತ್ತಿಗೆ.

ಬಕೆಟ್ಟು. ಆವಿ ಹಿಡಿಯುವ ಟವೆಲನ್ನೂ, ಎಂಟೆಂಟು ಹನಿ ಕುಡಿದ ಆ ಟವೆಲನ್ನೂ ನಾನು ಅದೇ ಬಕೆಟ್ಟಿಗೆ ಹಾಕಿದ್ದೆ. ಹನ್ನೆರಡು ದಿನ ಆ ಎಣ್ಣೆಯಲ್ಲೇ ಇದ್ದೂ ಇದ್ದೂ ನನಗೆ ಅದರ ವಾಸನೆಯೇ ತಿಳಿಯದಂತಾಗಿತ್ತು. ಪರಿಮಳದ ಸೋಪನ್ನೂ ಮನೆಗೆ ಸೇರಿಸದ ನಾನು, ಹಾಲು ಮೂಸುವವರ ಬಟ್ಟೆಗೆ ಔಷಧಿ ಅಂಗಡಿಯನ್ನೇ ಅಂಟಿಸಿ ಕಳಿಸಿದ್ದೆ. ಬೇರೆ ಯಾರ ಮನೆಯಲ್ಲಾದರೂ ಇದು ತಪ್ಪೇ ಅಲ್ಲ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ.

ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಅದು ಇನ್ನೂ ಕೆಟ್ಟದ್ದು. ಮನೆಯಲ್ಲಿ ಆ ಬಟ್ಟೆ ಕಟ್ಟಿಕೊಳ್ಳುವಾಗ ಅತ್ತಿಗೆಗೆ ವಾಸನೆ ಬರಲಿಲ್ಲ. ಬಸ್ಸಿನಲ್ಲಿ ಅರ್ಧ ಗಂಟೆ ಬರಲಿಲ್ಲ. ಹಾಗಾದರೆ ನಿನ್ನೆ ಕಾಫಿ ಎಂದದ್ದು?

ಓಡಿಹೋಗಿ ಹೇಳಬೇಕು, ತಪ್ಪು ನನ್ನದು ಎನ್ನಬೇಕು. ಆದರೆ ಜಗಳಕ್ಕೆ ಮೊದಲು ನಿಲ್ಲುವ ನಾನು ಅಷ್ಟು ಜನರ ಮುಂದೆ ಹೇಡಿಯಾಗಿ ನಿಂತುಬಿಟ್ಟೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅತ್ತಿಗೆಯೇ ತಲೆಬಟ್ಟೆ ಬಿಚ್ಚಿದರು. ಅದನ್ನು ಮುದ್ದೆ ಮಾಡಿ ಕಟ್ಟೆಯ ಕೆಳಗೆ ಎಸೆದರು.

"ತಪ್ಪು ನನ್ನದು" ಎಂದರು, ಎಲ್ಲರಿಗೂ ಕೇಳುವ ಹಾಗೆ. "ವಾಸನೆ ಹಾಲಿಂದಲ್ಲ, ನನ್ನ ಬಟ್ಟೆದು. ಹನ್ನೊಂದು ಊರಿನ ಹಸುಗಳಿಗೆ ಒಂದೇ ದಿನ ನೆಗಡಿ ಆಗಿರಲ್ಲ. ಐದು ನಿಮಿಷ ಕೊಡಿ."

ಯಾರೋ ನಕ್ಕರು. ಡ್ರೈವರ್ ನಗಲಿಲ್ಲ. ಅತ್ತಿಗೆ ನಲ್ಲಿಯ ಹತ್ತಿರ ಹೋಗಿ ಮುಖ, ಕತ್ತು, ಕೈ, ಕೂದಲು ಎಲ್ಲ ತೊಳೆದು, ಗೇಟಿನ ಕಡೆ ತಿರುಗಿ ನಿಂತು ಉಸಿರೆಳೆದುಕೊಂಡರು. ಬಂದು ಮೊದಲಿನಿಂದ ಒಂದೊಂದೇ ಮುಚ್ಚಳ ತೆಗೆದರು. ಒದ್ದೆ ಕೈಯಲ್ಲಿ ಕೆಂಪು ಒರೆಸಿ ಬಿಳಿ ಗೀಟು ಎಳೆಯುತ್ತಾ ಹೋದರು. ಎಂಟನೆಯದರಲ್ಲಿ ಮಾತ್ರ ಕೆಂಪು ಹಾಗೇ ಉಳಿಯಿತು.

"ಇದು ಹುಳಿ ತಿರುಗ್ತಿದೆ."

"ಈಗ್ಲೂ ಎಣ್ಣೆ ವಾಸನೆನಾ?" ಎಂದು ಡ್ರೈವರ್ ಅಣಕಿಸಿದ. ಮ್ಯಾನೇಜರ್ ತಾವೇ ಮುಚ್ಚಳ ಮೂಸಿ ನೋಡಿದರು, ಅವರಿಗೆ ಏನೂ ಗೊತ್ತಾಗಲಿಲ್ಲ. ಲ್ಯಾಬ್ ಹುಡುಗಿಯನ್ನು ಕರೆದು ಒಂದು ಲೋಟ ಹಾಲು ಕೊಟ್ಟು ಕಳಿಸಿದರು. ಹತ್ತು ನಿಮಿಷ. ಅತ್ತಿಗೆ ಒದ್ದೆ ಕೂದಲಲ್ಲಿ ಆ ಕ್ಯಾನಿನ ಪಕ್ಕ ನಿಂತಿದ್ದರು. ನಾನು ಒಂದೇ ಕ್ಯಾನನ್ನು ಎಷ್ಟು ಸಲ ತೊಳೆದೆನೋ, ಸೋಡಾ ನೀರಿಗೆ ಬೆರಳು ಉರಿಯುವವರೆಗೂ ತೊಳೆಯುತ್ತಲೇ ಇದ್ದೆ. ಈ ಒಂದು ಕ್ಯಾನು ಒಳ್ಳೆಯದೆಂದು ಬಂದರೆ ಅತ್ತಿಗೆಯ ಕೆಲಸ ಅಲ್ಲಿಗೆ ಮುಗಿಯಿತು, ಮುಗಿಸಿದ್ದು ನಾನು.

ಹುಡುಗಿ ಓಡುತ್ತಲೇ ಬಂದಳು. "ಸರ್, ಕಾಯಿಸಿದ ತಕ್ಷಣ ಒಡೆದುಹೋಯ್ತು!"

ಡ್ರೈವರ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಮ್ಯಾನೇಜರ್ ಈ ಸಲ ಕೆಮ್ಮಲಿಲ್ಲ. "ನಾಳೆ ಬರ್ತೀರಲ್ಲ ಅಕ್ಕ?" ಎಂದರು.

"ಬರ್ತೀನಿ. ಆದ್ರೆ ಬಲಗಡೆ ಇನ್ನೂ ಕಟ್ಟಿದೆ. ಎರಡು ದಿನ ಈ ಹುಡುಗಿ ನನ್ನ ಪಕ್ಕದಲ್ಲಿರ್ಲಿ. ನಾನು ಬಿಟ್ಟಿದ್ರಲ್ಲೂ ಅಲ್ಲೊಂದು ಇಲ್ಲೊಂದು ನೋಡ್ಲಿ."

"ಬುಧವಾರದವರೆಗೂ ಯಾರನ್ನೂ ಕಳಿಸಬೇಡಿ ಅಂತ ಹೇಳ್ತೀನಿ" ಎಂದು ಅವರು ಒಳಗೆ ಹೋದರು.

ಮಧ್ಯಾಹ್ನ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಅತ್ತುಬಿಟ್ಟೆ. "ಅತ್ತಿಗೆ, ಟವೆಲು ಅದೇ ಬಕೆಟ್ಟಿಗೆ ಹಾಕಿದ್ದು ನಾನು. ಅಲ್ಲೇ ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ."

"ಗೊತ್ತು. ಎಣ್ಣೆ ಹಿಂದೇನೆ ನಿನ್ನ ಬಟ್ಟೆ ಸೋಪೂ ಬಂತು" ಎಂದರು.

"ನಿನ್ನೆ ಕಾಫಿ ಅಂದ್ರಲ್ಲ?"

ಅವರು ಅಡುಗೆಮನೆಯ ಮಣೆಯ ಮೇಲೆ ಕುಳಿತರು. "ನಂಗೇನೂ ಬಂದಿರ್ಲಿಲ್ಲ ಕಣೆ. ಡಬ್ಬದ ಮುಚ್ಚಳ ಟಪ್ ಅಂದಿದ್ದು ಕೇಳಿಸ್ತು. ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ, ಸುಳ್ಳು ಹೇಳಿಬಿಟ್ಟೆ. ಮೊದಲನೇ ಮುಚ್ಚಳ ತೆಗೆದಾಗ ಏನೂ ಬರದಿದ್ರೆ ಕಡ್ಡಿ ಕೆಳಗಿಟ್ಟು ಹೇಳಿಬಿಡೋಣ, ತೊಟ್ಟಿ ಹಾಳಾಗೋದು ಬೇಡ ಅಂತ ಹೊರಟಿದ್ದೆ. ತೆಗೆದೆ, ಬಂತು. ಅದು ಏನು ವಾಸನೆ ಅಂತಾನೂ ಮೊದಲು ತಿಳೀಲಿಲ್ಲ, ಬಂತಲ್ಲ ಅನ್ನೋದೊಂದೇ. ಮೂರನೇ ಕ್ಯಾನಿಗೇ ನನ್ನ ಬಟ್ಟೆ ಅಂತ ಗೊತ್ತಾಯ್ತು."

"ಮತ್ತೆ ಹನ್ನೊಂದರವರೆಗೂ ಯಾಕೆ ಹೋದ್ರಿ? ಅವನು ಅಷ್ಟು ಕೂಗಾಡ್ತಿದ್ದ."

"ನಿಲ್ಲಿಸೋಕಾಗ್ಲಿಲ್ಲ" ಎಂದರು ಅತ್ತಿಗೆ. "ಹದಿನಾರು ದಿನ ಆಗಿತ್ತು."

ಆಮೇಲೆ ಅವರು ಗೋಡೆಯ ಕಡೆ ತಿರುಗಿ ಕುಳಿತು ಕಣ್ಣು ಮುಚ್ಚಿದರು. ಅವರ ಹೆಗಲು ಇನ್ನೂ ಬಿಗಿಯಾಗಿತ್ತು. ಭಯ ಪೂರಾ ಬಿಟ್ಟಿರಲಿಲ್ಲ, ಒಮ್ಮೆ ಬಂದದ್ದು ಮತ್ತೆ ಹೋಗಿದ್ದರೆ?

"ಕಾಫಿಪುಡಿ ಡಬ್ಬ ತಗೊಂಡು ಬಾ" ಎಂದರು. "ಈ ಸಲ ಮುಚ್ಚಳ ಸದ್ದಾಗದ ಹಾಗೆ ತೆಗಿ."

ನಾನು ಉಸಿರು ಬಿಗಿಹಿಡಿದು, ಉಗುರಿನಿಂದ ಮುಚ್ಚಳವನ್ನು ಸುತ್ತಲೂ ಸಡಿಲಿಸಿ ತೆಗೆದೆ. ಅವರ ಬೆನ್ನ ಹಿಂದಿನಿಂದ ಬಗ್ಗಿ ಮೂಗಿನ ಹತ್ತಿರ ಹಿಡಿದೆ. ಅವರು ಒಂದು ಸಲ ಮೂಸಿದರು, ಕಟ್ಟೆಯ ಮೇಲೆ ಮೂಸುವ ಹಾಗೆ, ಒಂದೇ ಸಲ.

"ಕಳ್ಳಿ" ಎಂದರು. "ಇದು ಕಾಫಿ ಅಲ್ಲ, ಕಾಳುಮೆಣಸು."